ತಿರುಚಿದ ಕಾಲು ಮತ್ತು ಇಲಿಜಾರೊವ್ ಉಂಗುರಗಳು

ನಾನು ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ 1990ರ ಸುಮಾರಿನಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ಬಾಲ್ಯದಲ್ಲಿ ಮರದಿಂದ ಬಿದ್ದಾಗ ಮುರಿದ ಅವನ ಕಣಕಾಲಿನ ಮೂಳೆ ತಿರುಚಿಕೊಂಡೇ ಕೂಡಿತ್ತು. ಮಂಡಿ ಮುಂದಕ್ಕಿದ್ದರೆ ಪಾದ ಒಳಕ್ಕೆ ತಿರುಗಿರುತ್ತಿತ್ತು. ಕವಾಯತಿನ ವೇಳೆ "ಪಾದ ನೆಟ್ಟಗಿಡೋ" ಎಂದು ಎಲ್ಲರೆದುರು ಗದರಿದ್ದೆ. ಅವನು ತಲೆ ತಗ್ಗಿಸಿದನೇ ಹೊರತು ಮರುಮಾತನಾಡಲಿಲ್ಲ.

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರನ್ನು ನೋಡಲು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪಕ್ಕದ ಹಾಸಿಗೆಯಲ್ಲಿದ್ದ ತರುಣನ ಕಾಲಿನ ಸುತ್ತ ಲೋಹದ ಉಂಗುರಗಳಿದ್ದವು. ತಿರುಚಿದ ಮೂಳೆಯನ್ನು ಸರಿಪಡಿಸುತ್ತಿದ್ದಾರೆಂದು ತಿಳಿದೊಡನೆ ಆ ಹುಡುಗನ ನೆನಪಾಯಿತು. ಮನೆಗೆ ಬಂದು ಈ ವಿಧಾನದ ಚರಿತ್ರೆಯನ್ನು ಹುಡುಕಿ ಓದಿದೆ.

ಇದನ್ನು ರೂಪಿಸಿದವರು ಸೈಬೀರಿಯಾದ ಕುರ್ಗಾನ್ ಪಟ್ಟಣದ ವೈದ್ಯ ಗವ್ರಿಲ್ ಇಲಿಜಾರೊವ್ (1921–1992). 1950ರ ದಶಕದ ಆರಂಭದಲ್ಲಿ, ಯುದ್ಧದಲ್ಲಿ ಗಾಯಗೊಂಡವರು ಊರೂರಲ್ಲಿದ್ದ ಕಾಲದಲ್ಲಿ, ಅವರು ಉಂಗುರಗಳ ಚೌಕಟ್ಟನ್ನು ಸಿದ್ಧಪಡಿಸಿದರು. ಮೂಳೆಯ ಮೂಲಕ ಹಾದುಹೋಗುವ ಬಿಗಿದ ತಂತಿಗಳು ಹೊರಗಿನ ಉಂಗುರಗಳಿಗೆ ಕಟ್ಟಿರುತ್ತವೆ. ಮೂಳೆಯನ್ನು ಕತ್ತರಿಸಿ, ಕೆಲವು ದಿನ ಕಾದು, ಬಳಿಕ ಅತ್ಯಲ್ಪವಾಗಿ ಸರಿಸುತ್ತಾರೆ. ಉದ್ದ ಹೆಚ್ಚಿಸಲು ದಿನಕ್ಕೆ ಸುಮಾರು 1 ಮಿಲಿಮೀಟರು, ಅದೂ ನಾಲ್ಕು ಕಂತುಗಳಲ್ಲಿ. ತಿರುಚನ್ನು ಸರಿಪಡಿಸಲು ಮೇಲಿನ ಉಂಗುರಕ್ಕೆ ಸಾಪೇಕ್ಷವಾಗಿ ಕೆಳಗಿನದನ್ನು ತಿರುಗಿಸುತ್ತಾರೆ. ನಿಧಾನವಾಗಿ ಸರಿಸಿದಾಗ ನರ ಮತ್ತು ರಕ್ತನಾಳಗಳು ಹಠಾತ್ತನೆ ಸೆಳೆಯಲ್ಪಡುವುದಿಲ್ಲ. ತೆರಪಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಭದ್ರಾವತಿಯವರಾದ ನಮಗೆ ಕಾದ ಕಬ್ಬಿಣವನ್ನು ಬಡಿದು ತಿದ್ದುವುದು ಗೊತ್ತು. ಮೂಳೆ ಹಾಗೆ ಬಗ್ಗುವುದಿಲ್ಲ, ಅದಕ್ಕೆ ತಿಂಗಳುಗಳೇ ಬೇಕು. ತಂತಿ ತೂರಿದ ಜಾಗದಲ್ಲಿ ಸೋಂಕು, ಕೀಲುಗಳ ಬಿಗಿತ ಇವುಗಳ ಕಾಟವೂ ಉಂಟು.

1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರು ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಅವರಿಗೆ ಚಿಕಿತ್ಸೆ ನೀಡಿದ ಮೇಲೆ ಇಲಿಜಾರೊವ್ ಹೆಸರು ಸೋವಿಯತ್ ದೇಶದಲ್ಲೆಲ್ಲ ಹರಡಿತು. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ 1980ರಲ್ಲಿ ಕುರ್ಗಾನಿನಲ್ಲಿ ಗುಣಮುಖರಾದರು. 1981ರಲ್ಲಿ ಇಲಿಜಾರೊವ್ ಇಟಲಿಯ ವೈದ್ಯರಿಗೆ ಉಪನ್ಯಾಸ ನೀಡಿದರು. ಪಶ್ಚಿಮಕ್ಕೆ ಬಾಗಿಲು ತೆರೆದದ್ದು ಹೀಗೆ. 1990ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಟೇಲರ್ ಆರು ಸರಳುಗಳ ಚೌಕಟ್ಟನ್ನು ರೂಪಿಸಿದರು. ಅದರಲ್ಲಿ ಬಾಗು, ತಿರುಚು, ಉದ್ದ ಎಲ್ಲವನ್ನೂ ಕಂಪ್ಯೂಟರ್ ಲೆಕ್ಕದಂತೆ ಒಟ್ಟಿಗೆ ತಿದ್ದಬಹುದು.

ಈ ಇಸವಿಗಳನ್ನು ಸಾಲಾಗಿ ಬರೆದುಕೊಂಡಾಗ ಮನಸ್ಸು ಮುದುಡಿತು. ನಾನು ಆ ಹುಡುಗನನ್ನು ಗದರಿದ ಹೊತ್ತಿಗೆ ಈ ವಿದ್ಯೆಗೆ ನಾಲ್ಕು ದಶಕಗಳಾಗಿದ್ದವು. ವೈದ್ಯರಿಗೆ ತೋರಿಸೆಂದು ಅವನ ತಂದೆಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಎಳೆಯ ಮಕ್ಕಳ ಒಳತಿರುಗಿದ ಪಾದ ಬಹುಮಟ್ಟಿಗೆ ಬೆಳೆಯುತ್ತ ತಾನೇ ಸರಿಹೋಗುತ್ತದೆ. ದೊಡ್ಡ ಮಕ್ಕಳಲ್ಲಿ, ಅದರಲ್ಲೂ ಮೂಳೆ ಮುರಿದ ಮೇಲೆ ಹಾಗೆ ಕಂಡರೆ, ಗದರಬೇಡಿ; ಮನೆಯವರನ್ನು ಕರೆಸಿ ಮಾತನಾಡಿ. ಆ ಹುಡುಗ ಎಲ್ಲಿದ್ದರೂ ಇದನ್ನು ಓದುವಂತಾಗಲಿ, ಈ ಮೇಷ್ಟರನ್ನು ಕ್ಷಮಿಸಲಿ.