ವೈದ್ಯ ಸಂಶೋಧಕರ ಲೇಖನಗಳು ಮತ್ತು ಉಲ್ಲೇಖಗಳ ಲೆಕ್ಕ: ಓದುವುದು ಹೇಗೆ?

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮಕ್ಕಳು ಇನ್ನು ತಮ್ಮ ಜಿಲ್ಲೆಯಲ್ಲೇ ವೈದ್ಯಶಾಸ್ತ್ರ ಓದಬಹುದು, ಸಂಶೋಧನೆಯನ್ನೂ ಮಾಡಬಹುದು. ವೈದ್ಯರೊಬ್ಬರನ್ನು ಸನ್ಮಾನಿಸುವಾಗ ‘ಇಷ್ಟು ಲೇಖನ ಪ್ರಕಟಿಸಿದ್ದಾರೆ, ಇಷ್ಟು ಬಾರಿ ಉಲ್ಲೇಖಗೊಂಡಿದ್ದಾರೆ’ ಎಂದು ಪರಿಚಯಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಅಂಕಿಗಳ ಅರ್ಥವೇನು? ಚರ್ಚ್‌ನ ಆರೋಗ್ಯ ಕಾರ್ಯಕರ್ತರಿಗೂ ವೈದ್ಯಕೀಯ, ನರ್ಸಿಂಗ್ ಓದುತ್ತಿರುವ ಮಕ್ಕಳ ಹೆತ್ತವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ. ಉದಾಹರಣೆಗಳನ್ನು ಆರೋಗ್ಯ ಮಾಹಿತಿ ತಂತ್ರಜ್ಞಾನದಿಂದ, ಅಂದರೆ ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ರೋಗಿಗಳ ಮಾಹಿತಿಯನ್ನು ಆರೈಕೆಗೆ ಬಳಸುವ ಕ್ಷೇತ್ರದಿಂದ ಆರಿಸಿದ್ದೇವೆ.

ಉಲ್ಲೇಖ ಎಂದರೇನು?

ಒಬ್ಬರ ಲೇಖನವನ್ನು ಇನ್ನೊಬ್ಬ ಸಂಶೋಧಕರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ಇಂಥ ಉಲ್ಲೇಖಗಳ ಸೂಚಿಯೊಂದು ಬೇಕೆಂದು ಪ್ರತಿಪಾದಿಸಿದರು. 1960ರ ದಶಕದಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಗ್ರಂಥಾಲಯ ಕೆಲಸವನ್ನು ಅಂಕಿಗಳಿಂದ ಅಳೆಯುವ ವಿಚಾರವನ್ನು ಎಸ್. ಆರ್. ರಂಗನಾಥನ್ ಅವರು 1948ರಲ್ಲೇ ಮುಂದಿಟ್ಟಿದ್ದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

ಈಗ ಹೆಚ್ಚಾಗಿ ಕೇಳಿಬರುವ ‘ಎಚ್-ಇಂಡೆಕ್ಸ್’ ಅನ್ನು ಭೌತವಿಜ್ಞಾನಿ ಜಾರ್ಜ್ ಹರ್ಶ್ 2005ರಲ್ಲಿ ಸೂಚಿಸಿದರು. ಲೆಕ್ಕ ಸುಲಭ. ಒಬ್ಬ ವೈದ್ಯರ ಐದು ಲೇಖನಗಳಿಗೆ ಕ್ರಮವಾಗಿ 20, 9, 4, 3, 0 ಉಲ್ಲೇಖಗಳು ಬಂದಿವೆ ಎನ್ನೋಣ. ಕನಿಷ್ಠ ಮೂರು ಉಲ್ಲೇಖ ಪಡೆದ ಮೂರು ಲೇಖನಗಳಿವೆ. ಕನಿಷ್ಠ ನಾಲ್ಕು ಪಡೆದ ನಾಲ್ಕು ಲೇಖನಗಳಿಲ್ಲ. ಆದ್ದರಿಂದ ಅವರ ಎಚ್-ಇಂಡೆಕ್ಸ್ 3.

ಬೆಂಗಳೂರಿನ ಒಂದು ಉದಾಹರಣೆ

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ನಮ್ಮ ಓದುಗರಿಗೆ ಪರಿಚಿತ. ಅಲ್ಲಿದ್ದ ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ಎಚ್‌ಐವಿ ಚಿಕಿತ್ಸೆ ಆರಂಭಿಸುತ್ತಿದ್ದ 631 ಮಂದಿಯ ಮೇಲೆ ಒಂದು ಅಧ್ಯಯನ ನಡೆಸಿದರು. ದಕ್ಷಿಣ ಭಾರತದ ಮೂರು ಆರೈಕೆ ಕೇಂದ್ರಗಳ ಈ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ 96 ವಾರಗಳ ಕಾಲ ವಾರಕ್ಕೊಮ್ಮೆ ಮೊಬೈಲ್‌ಗೆ ಧ್ವನಿ ಕರೆ ಮತ್ತು ಚಿತ್ರ ಸಂದೇಶ.

2014ರಲ್ಲಿ ಬಿಎಂಜೆ ಎಂಬ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಚಿಕಿತ್ಸೆ ವಿಫಲವಾಗುವುದನ್ನು ತಡೆಯುವಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಕರೆ ಮಾಡಿದರೆ ಸಾಕು, ರೋಗಿ ತಪ್ಪದೆ ಮಾತ್ರೆ ನುಂಗುತ್ತಾನೆ ಎಂಬ ನಂಬಿಕೆ ಅಲ್ಲಿ ಸಾಬೀತಾಗಲಿಲ್ಲ. ಹಾಗೆಂದು ಆ ದುಡಿಮೆ ವ್ಯರ್ಥವೇ? ಖಂಡಿತ ಅಲ್ಲ. ಇಂಥದೇ ಯೋಜನೆಗೆ ಹಣ ಹಾಕಲು ಹೊರಟವರು ಮೊದಲು ಓದಬೇಕಾದ ಲೇಖನವದು. 2019ರಲ್ಲಿ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳ ‘ಎಂವೆಲ್‌ಕೇರ್’ ಅಧ್ಯಯನವೂ ಹೀಗೆಯೇ ಪ್ರಕಟವಾಯಿತು. ರಕ್ತದೊತ್ತಡ, ಮಧುಮೇಹಗಳ ಚಿಕಿತ್ಸೆಗೆ ಟ್ಯಾಬ್ಲೆಟ್ ಕಂಪ್ಯೂಟರಿನ ಸಲಹೆ ಪಡೆದ ಕೇಂದ್ರಗಳಿಗೂ ಉಳಿದವಕ್ಕೂ ಫಲಿತಾಂಶದಲ್ಲಿ ಹೆಚ್ಚಿನ ಅಂತರವಿರಲಿಲ್ಲ.

ಅಂಕಿ ಎಲ್ಲಿ ದಾರಿ ತಪ್ಪಿಸುತ್ತದೆ?

ಮೊದಲನೆಯದಾಗಿ, ಉಲ್ಲೇಖವೆಂದರೆ ಮೆಚ್ಚುಗೆಯೇ ಆಗಬೇಕಿಲ್ಲ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯು 671 ಆಸ್ಪತ್ರೆಗಳ ಸುಮಾರು 96,000 ಕೋವಿಡ್ ರೋಗಿಗಳ ದಾಖಲೆ ಆಧರಿಸಿದ್ದೆನ್ನಲಾದ ಲೇಖನವೊಂದನ್ನು ಪ್ರಕಟಿಸಿತು. ಮೂಲ ದಾಖಲೆಗಳನ್ನು ಪರಿಶೀಲನೆಗೆ ಒದಗಿಸದ ಕಾರಣ ಜೂನ್ ಮೊದಲ ವಾರದಲ್ಲೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಬಳಿಕವೂ ಅದಕ್ಕೆ ಉಲ್ಲೇಖಗಳು ಬರುತ್ತಲೇ ಇದ್ದವು.

ಎರಡನೆಯದಾಗಿ, ನೂರಾರು ಮಂದಿ ಸೇರಿ ಬರೆದ ಲೇಖನದ ಉಲ್ಲೇಖಗಳು ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿ ಜಮೆಯಾಗುತ್ತವೆ.

ಮೂರನೆಯದು ಹೆಸರಿನ ಗೊಂದಲ. ಹಾವೇರಿ ಕಡೆ ಪಾಟೀಲರು ಎಷ್ಟೋ, ಕರಾವಳಿಯಲ್ಲಿ ಡಿಸೋಜರು ಅಷ್ಟೇ. ಒಬ್ಬರ ಲೇಖನ ಇನ್ನೊಬ್ಬರ ಲೆಕ್ಕಕ್ಕೆ ಸೇರಬಹುದು. ಇದನ್ನು ತಪ್ಪಿಸಲು 2012ರಿಂದ ‘ಆರ್ಕಿಡ್’ ಎಂಬ 16 ಅಂಕಿಗಳ ಗುರುತು ಸಂಖ್ಯೆ ಬಳಕೆಯಲ್ಲಿದೆ.

ನಮ್ಮ ಅಡುಗೆಮನೆಗಳಿಗೆ ಪರಿಚಿತವಾದ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಬಣ್ಣ ಕಡುಗೆಂಪು, ಖಾರ ಕಡಿಮೆ. ಬಣ್ಣ ನೋಡಿ ಖಾರ ಅಳೆದವರು ಮೋಸಹೋಗುತ್ತಾರೆ. ಉಲ್ಲೇಖಗಳ ಸಂಖ್ಯೆ ಒಂದು ಗುಣ, ರೋಗಿಗೆ ಆದ ಪ್ರಯೋಜನ ಇನ್ನೊಂದು ಗುಣ. ಪತ್ರಿಕೆಯ ಅಂಕಿಗಳಿಂದ ಸಂಶೋಧಕರನ್ನು ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ರೂಪುಗೊಂಡದ್ದೂ 2012ರಲ್ಲಿ.

ನಾವು ಮಾಡಬಹುದಾದದ್ದು

* ಲೇಖಕರ ಹೆಸರನ್ನು ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿರಿ. ಎರಡೂ ಉಚಿತ.
* ಲೇಖನದ ಸಾರಾಂಶ ಓದಿ. ಎಷ್ಟು ರೋಗಿಗಳು, ಎಷ್ಟು ಕಾಲ, ಯಾರೊಡನೆ ಹೋಲಿಕೆ ಎಂಬುದನ್ನು ಗಮನಿಸಿ.
* ಲೇಖನ ಹಿಂತೆಗೆದುಕೊಳ್ಳಲಾಗಿದೆಯೇ ನೋಡಿ. ಪಬ್‌ಮೆಡ್‌ನಲ್ಲಿ ಆ ಸೂಚನೆ ಇರುತ್ತದೆ.
* ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆ, ಹಣ ಕಳುಹಿಸಿ ಎಂದು ಇ-ಮೇಲ್ ಬಂದರೆ ನಿಮ್ಮ ಮಕ್ಕಳು ಮೊದಲು ತಮ್ಮ ಅಧ್ಯಾಪಕರನ್ನು ಕೇಳಲಿ. ತಜ್ಞರ ಪರಿಶೀಲನೆಯಿಲ್ಲದೆ ಶುಲ್ಕಕ್ಕಾಗಿಯೇ ನಡೆಯುವ ಪತ್ರಿಕೆಗಳು ಬಹಳಷ್ಟಿವೆ.

ಸನ್ಮಾನ ಮಾಡುವಾಗ ಲೇಖನಗಳ ಸಂಖ್ಯೆಯನ್ನು ಓದಿದರೆ ತಪ್ಪಿಲ್ಲ. ಅದರ ಜೊತೆಗೆ ಅವರ ಒಂದು ಲೇಖನದಲ್ಲಿ ಕಂಡುಕೊಂಡದ್ದೇನು, ಅದರಿಂದ ರಾಣೆಬೆನ್ನೂರಿನ ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗೆ ಏನು ಉಪಯೋಗ ಎಂಬುದನ್ನು ಎರಡು ಮಾತಿನಲ್ಲಿ ಹೇಳಿಸಿ. ವೈದ್ಯರಿಗೂ ಸಂತೋಷ, ಕೇಳುವವರಿಗೂ ತಿಳಿವಳಿಕೆ.