ಕಡಲ ಮೇಲಣ ಭಾಷಾಕುಟುಂಬ

1769ರ ಅಕ್ಟೋಬರಿನಲ್ಲಿ ಕ್ಯಾಪ್ಟನ್ ಕುಕ್ಕನ ನೌಕೆ ನ್ಯೂಜಿಲೆಂಡಿನ ತೀರವನ್ನು ಮುಟ್ಟಿತು. ಆಂಗ್ಲ ನಾವಿಕರ ಮಾತು ಅಲ್ಲಿನ ಮಾವೊರಿ ಜನಕ್ಕೆ ಅರ್ಥವಾಗಲಿಲ್ಲ. ಆದರೆ ಟಹೀಟಿ ದ್ವೀಪದಿಂದ ನೌಕೆಯೇರಿದ್ದ ಟುಪಾಯಿಯ ಎಂಬ ಪುರೋಹಿತನು ತನ್ನ ನುಡಿಯಲ್ಲಿ ಕೂಗಿದಾಗ ಅವರು ಮರುಮಾತು ಕೊಟ್ಟರು. ನಡುವೆ ಸುಮಾರು 4,000 ಕಿಲೋಮೀಟರು ಕಡಲು. ನುಡಿ ಮಾತ್ರ ಒಂದೇ ಮನೆಯದು.

ವಿದ್ವಾಂಸರು ಈ ಮನೆತನವನ್ನು ಆಸ್ಟ್ರೊನೇಷ್ಯನ್ ಎನ್ನುತ್ತಾರೆ. ತೆಂಕಣಗಾಳಿ ಎಂಬರ್ಥದ ಲ್ಯಾಟಿನ್ ಪದವೂ ದ್ವೀಪವೆಂಬರ್ಥದ ಗ್ರೀಕ್ ಪದವೂ ಕೂಡಿ ಆದ ಹೆಸರಿದು. ಪಡುವಲಿಗೆ ಮಡಗಾಸ್ಕರ್, ಮೂಡಲಿಗೆ ಈಸ್ಟರ್ ದ್ವೀಪ, ಬಡಗಲಿಗೆ ತೈವಾನ್, ತೆಂಕಲಿಗೆ ನ್ಯೂಜಿಲೆಂಡ್ — ಈ ಮೇರೆಗಳೊಳಗೆ ಸುಮಾರು 1,200 ಭಾಷೆಗಳುಂಟು.

ಇವು ಒಡಹುಟ್ಟಿದವೆಂದು ಹೇಗೆ ತಿಳಿಯಿತು? 'ಐದು' ಎಂಬುದಕ್ಕೆ ಮಲಯದಲ್ಲಿಯೂ ಫಿಲಿಪೈನ್ಸಿನ ಟಗಾಲೊಗಿನಲ್ಲಿಯೂ 'ಲಿಮ', ಮಾವೊರಿಯಲ್ಲಿ 'ರಿಮ', ಮಡಗಾಸ್ಕರಿನ ಮಲಗಾಸಿಯಲ್ಲಿ 'ದಿಮಿ'. ಹವಾಯಿಯಲ್ಲಿ 'ಲಿಮ' ಎಂದರೆ ಕೈ ಎಂದೂ ಅರ್ಥ. ಐದು ಬೆರಳಿನ ಕೈಯೇ ಸಂಖ್ಯೆಯಾಗಿದೆ. 1708ರಷ್ಟು ಹಿಂದೆಯೇ ಡಚ್ ಪಂಡಿತ ರೆಲಾಂಡನು ಇಂಥ ಹೋಲಿಕೆಗಳನ್ನು ಗುರುತಿಸಿದ್ದನು. ಜರ್ಮನಿಯ ಡೆಂಪ್‌ವೋಲ್ಫರು 1934ರಿಂದ 1938ರವರೆಗೆ ಪ್ರಕಟಿಸಿದ ಸಂಪುಟಗಳಲ್ಲಿ ಧ್ವನಿನಿಯಮಗಳನ್ನು ಹಿಡಿದು ಮೂಲಭಾಷೆಯ ಪದಗಳನ್ನೇ ಪುನಾರಚಿಸಿದರು.

ಈ ಕುಟುಂಬದ ತವರು ತೈವಾನ್ ಎಂಬುದು ಇಂದು ಬಹುಮಂದಿ ವಿದ್ವಾಂಸರ ಮತ. ರಾಬರ್ಟ್ ಬ್ಲಸ್ಟರು ಎಣಿಸಿದ 10 ಪ್ರಧಾನ ಶಾಖೆಗಳಲ್ಲಿ 9 ಶಾಖೆಗಳು ಆ ಪುಟ್ಟ ದ್ವೀಪದೊಳಗೇ ಇವೆ. ಹೊರಗೆ ಹರಡಿದ್ದೆಲ್ಲ ಉಳಿದ ಒಂದೇ ಶಾಖೆ. ಭೇದಗಳು ಎಲ್ಲಿ ಹೆಚ್ಚೋ ಅಲ್ಲಿ ಭಾಷೆ ಹೆಚ್ಚು ಕಾಲ ನೆಲೆಸಿದೆ ಎಂಬುದು ಇಲ್ಲಿನ ತರ್ಕ. ಸುಮಾರು 4,000 ವರ್ಷಗಳ ಹಿಂದೆ ದೋಣಿಗಳು ಅಲ್ಲಿಂದ ಫಿಲಿಪೈನ್ಸಿಗೆ ಸಾಗಿದುವು.

ಮಲಗಾಸಿಯ ಕಥೆ ಇನ್ನೂ ಸ್ವಾರಸ್ಯಕರ. ಆಫ್ರಿಕದ ಮಗ್ಗುಲಿನ ಈ ನುಡಿಯ ಹತ್ತಿರದ ಬಂಧು ಬೋರ್ನಿಯೊ ದ್ವೀಪದ ಮಾನ್ಯಾನ್ ಎಂದು ನಾರ್ವೆಯ ಡಾಲ್ 1951ರಲ್ಲಿ ತೋರಿಸಿದರು. ಅದರಲ್ಲಿ ಸಂಸ್ಕೃತ ಪದಗಳೂ ಉಂಟು. ಎಂದಮೇಲೆ, ಭಾರತದ ಪ್ರಭಾವ ಆ ದ್ವೀಪಗಳನ್ನು ಮುಟ್ಟಿದ ಬಳಿಕವೇ ಆ ಜನ ಹೊರಟಿರಬೇಕು. ಬರೆಹವಿಲ್ಲದವರ ಪಯಣಕ್ಕೆ ಪದಗಳೇ ಶಾಸನ.

ಆದರೆ ಈ ಶಾಸನಗಳು ಅಳಿಯುತ್ತಿವೆ. ತವರಾದ ತೈವಾನಿನಲ್ಲಿಯೇ ಸಿರಾಯ ಭಾಷೆ ಜನರ ಬಾಯಿಂದ ಮರೆಯಾಯಿತು. 1661ರಲ್ಲಿ ಅಚ್ಚಾದ ಮತ್ತಾಯನ ಸುವಾರ್ತೆಯಂಥ ಬರೆಹಗಳ ಆಸರೆಯಿಂದ ಅದನ್ನು ಮರಳಿ ಕಲಿಯುವ ಯತ್ನ ನಡೆದಿದೆ. ಮಾವೊರಿಗಳು ಅಷ್ಟು ಕಾಲ ಕಾಯಲಿಲ್ಲ. 1982ರಲ್ಲಿ 'ಭಾಷೆಯ ಗೂಡು' ಎಂಬ ಶಿಶುವಿಹಾರಗಳನ್ನು ತೆರೆದು, ಅಜ್ಜಅಜ್ಜಿಯರ ನುಡಿಯನ್ನು ಮೊಮ್ಮಕ್ಕಳ ಬಾಯಿಗೆ ತಂದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಟುಪಾಯಿಯನಿಗೆ ಅಂದು ದೊರೆತ ಮರುಮಾತು ಆ ತೀರದಲ್ಲಿ ಇಂದಿಗೂ ಕೇಳಿಬರುತ್ತಿದೆ.