ಜರ್ಮನ್ ಸಂಗೀನುಗಳ ಮೇಲಣ ಮುದ್ರೆಗಳು

ಶಿಲೆ, ತಾಮ್ರಪಟ, ನಾಣ್ಯಗಳಂತೆ ಆಯುಧಗಳೂ ಲೇಖಗಳನ್ನು ಹೊತ್ತಿರುವುದುಂಟು. ಬಂದೂಕಿನ ತುದಿಗೆ ಸಿಕ್ಕಿಸುವ ಕಿರುಗತ್ತಿಗೆ ಸಂಗೀನು ಅಥವಾ ಬಯೊನೆಟ್ಟು ಎಂದು ಹೆಸರು. ಜರ್ಮನ್ ಸೇನೆಯ ಸಂಗೀನುಗಳ ಮೇಲೆ ಒತ್ತಿರುವ ಮುದ್ರೆಗಳನ್ನು ಕ್ರಮವಾಗಿ ಓದಿದರೆ, ಆ ರಾಷ್ಟ್ರದ ರಚನೆಯೂ ಅದರ ಪರಿಣಾಮಗಳೂ ಬಹುಮಟ್ಟಿಗೆ ವಿಶದವಾಗುತ್ತವೆ. ಮುದ್ರೆಯು ಹೇಳುವ ಮಾತಿನಂತೆಯೇ ಮರೆಸುವ ಮಾತೂ ಇತಿಹಾಸಕ್ಕೆ ಸಾಮಗ್ರಿಯೆಂಬುದನ್ನು ಇಲ್ಲಿ ಕಾಣಬಹುದು.

1871ರಲ್ಲಿ ಜರ್ಮನಿಯು ಒಂದೇ ಸಾಮ್ರಾಜ್ಯವಾದರೂ ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಎಂಬ ನಾಲ್ಕು ರಾಜ್ಯಗಳು ತಮ್ಮ ರಾಜರನ್ನೂ ಸೈನ್ಯಗಳನ್ನೂ ಉಳಿಸಿಕೊಂಡವು. ಇದಕ್ಕೆ ಸಂಗೀನಿನ ಅಲಗಿನ ಬೆನ್ನೇ ಸಾಕ್ಷಿ. ಅಲ್ಲಿ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಮೊದಲಕ್ಷರ, ಅದರ ಕೆಳಗೆ ವರ್ಷದ ಕಡೆಯ ಎರಡು ಅಂಕೆಗಳು ಇರುತ್ತವೆ. ‘ಡಬ್ಲ್ಯು’ ಅಕ್ಷರವು ಪ್ರಷ್ಯದ ವಿಲ್ಹೆಲ್ಮನನ್ನೂ, ‘ಎಫ್ ಎ’ ಸ್ಯಾಕ್ಸನಿಯ ಫ್ರೀಡ್ರಿಖ್ ಆಗುಸ್ಟನನ್ನೂ, ‘ಎಲ್’ ಬವೇರಿಯದ ರಾಜಪ್ರತಿನಿಧಿ ಲುಯಿಟ್‌ಪೋಲ್ಡನನ್ನೂ ಸೂಚಿಸುತ್ತವೆ. ಆದರೆ ಅಕ್ಷರವನ್ನು ಮಾತ್ರ ನಂಬುವುದು ಸಾಧುವಲ್ಲ. ಲುಯಿಟ್‌ಪೋಲ್ಡನು 1912ರಲ್ಲಿ ತೀರಿಕೊಂಡ ಬಳಿಕ ಬಂದ ಲುಡ್ವಿಗನ ಹೆಸರೂ ‘ಎಲ್’ ಅಕ್ಷರದಿಂದಲೇ ಆರಂಭವಾಗುವುದರಿಂದ, ‘15’ ಎಂಬ ವರ್ಷವಿದ್ದರೆ ಅದು ಲುಡ್ವಿಗನ ಕಾಲದ್ದು. ವುರ್ಟೆಂಬರ್ಗಿನ ರಾಜನೂ ಎರಡನೆಯ ವಿಲ್ಹೆಲ್ಮನೇ. ಅಲ್ಲಿಯೂ ಅದೇ ‘ಡಬ್ಲ್ಯು’.

ಇಂಥ ಸಂದೇಹವನ್ನು ಪರಿಹರಿಸಲು ಹಿಡಿಗೂ ಅಲಗಿಗೂ ನಡುವಣ ಅಡ್ಡಪಟ್ಟಿಯ ಲೇಖವು ನೆರವಾಗುತ್ತದೆ. ಅದರಲ್ಲಿ ರೆಜಿಮೆಂಟಿನ ಸಂಖ್ಯೆ, ಕಂಪೆನಿಯ ಸಂಖ್ಯೆ, ಆಯುಧದ ಸಂಖ್ಯೆ ಇವು ಅನುಕ್ರಮವಾಗಿರುತ್ತವೆ. ‘121. ಆರ್. 5. 87’ ಎಂಬ ಮಾದರಿಯ ಲೇಖವು 121ನೆಯ ರೆಜಿಮೆಂಟಿನ ಐದನೆಯ ಕಂಪೆನಿಯ 87ನೆಯ ಆಯುಧವೆಂದು ಹೇಳುತ್ತದೆ. ಸಾಮ್ರಾಜ್ಯದ ಪದಾತಿ ರೆಜಿಮೆಂಟುಗಳ ಎಣಿಕೆಯಲ್ಲಿ 119ರಿಂದ 127ರ ವರೆಗಿನವು ವುರ್ಟೆಂಬರ್ಗಿನವಾದ್ದರಿಂದ, ರಾಜ್ಯವು ನಿಶ್ಚಿತವಾಗುವುದು. ಬವೇರಿಯವು ಮಾತ್ರ ತನ್ನ ರೆಜಿಮೆಂಟುಗಳನ್ನು ಪ್ರತ್ಯೇಕವಾಗಿ ಒಂದರಿಂದ ಎಣಿಸುತ್ತಿತ್ತು. ಆದಕಾರಣ ಅದರ ಲೇಖದ ಆದಿಯಲ್ಲಿ ‘ಬಿ’ ಎಂಬ ಅಕ್ಷರವನ್ನು ಇಟ್ಟರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬೆನ್ನಿನ ಮುದ್ರೆಯು ಆಯುಧವು ಪರೀಕ್ಷೆಯಲ್ಲಿ ಅಂಗೀಕೃತವಾದ ವರ್ಷವನ್ನು ತಿಳಿಸುವುದೇ ಹೊರತು, ಅದು ಯಾವ ಕಾಳಗದಲ್ಲಿತ್ತೆಂಬುದನ್ನು ತಿಳಿಸದು. ಒರೆಗಳು ಅದಲುಬದಲಾಗುವುದು ಸಾಮಾನ್ಯ; ಒರೆಯ ಮುದ್ರೆ ಅಲಗಿನ ಮುದ್ರೆಗೆ ಹೊಂದದಿದ್ದರೆ ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು.

1918ರಲ್ಲಿ ರಾಜರು ಅಳಿದರು, ಕಿರೀಟವೂ ಅಳಿಯಿತು. 1919ರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಮಿತಗೊಳಿಸಿ, ಆಯುಧ ನಿರ್ಮಾಣವನ್ನೂ ಕಟ್ಟುಪಾಡಿಗೆ ಒಳಪಡಿಸಿತು. ಹಿಟ್ಲರನ ಸರಕಾರವು ಒಪ್ಪಂದವನ್ನು ಮೀರಿ ಆಯುಧಗಳನ್ನು ಮಾಡಿಸಿದಾಗ, ಅಲಗಿನ ಬುಡದಲ್ಲಿ ತಯಾರಕನ ಹೆಸರಿಗೆ ಬದಲಾಗಿ ‘ಎಸ್’ ಅಕ್ಷರದೊಡನೆ ಒಂದು ಗೂಢಸಂಖ್ಯೆಯನ್ನೂ, ವರ್ಷಕ್ಕೆ ಬದಲಾಗಿ ಒಂದು ಅಕ್ಷರವನ್ನೂ ಒತ್ತಲಾಯಿತು: ‘ಕೆ’ ಎಂದರೆ 1934, ‘ಜಿ’ ಎಂದರೆ 1935. ಮರೆಮಾಚುವ ಅಗತ್ಯ ತಪ್ಪಿದ ಮೇಲೆ ಹೆಸರು ಮರಳಿ ಬಂದಿತು. ಮಹಾಯುದ್ಧದ ಕಾಲದಲ್ಲಿ ಮತ್ತೆ ಮರೆಯಾಗಿ, ಮೂರಕ್ಷರದ ಸಂಕೇತವು ನಿಂತಿತು. ‘ಸಿ ಒ ಎಫ್’ ಎಂಬುದು ಜೋಲಿಂಗನ್ ನಗರದ ಕಾರ್ಲ್ ಐಕ್‌ಹಾರ್ನ್ ಕಾರ್ಖಾನೆ; ‘ಎಫ್ ಎನ್ ಜೆ’ ಎಂಬುದು ಅದೇ ಊರಿನ ಅಲೆಗ್ಸಾಂಡರ್ ಕೊಪ್ಪೆಲ್ ಕಾರ್ಖಾನೆ.

ಈ ಕಡೆಯ ಸಂಕೇತವು ವಿಶೇಷವಾಗಿ ವಿಚಾರಾರ್ಹವಾದುದು. ಕೊಪ್ಪೆಲ್ ಮನೆತನದವರು ಯೆಹೂದ್ಯರು. 1936ರಲ್ಲಿ ಆ ಕಾರ್ಖಾನೆಯು ಬಲವಂತದಿಂದ ಅವರ ಕೈ ತಪ್ಪಿತು. ಹೆಸರು ಮಾತ್ರ ಉಳಿಯಿತು. ಆ ಮನೆತನದ ಡಾಕ್ಟರ್ ಅಲೆಗ್ಸಾಂಡರ್ ಕೊಪ್ಪೆಲ್ಲರು 1942ರಲ್ಲಿ ಥೆರೇಜಿಯನ್‌ಷ್ಟಾಟಿನ ಬಂದಿಖಾನೆಯಲ್ಲಿ ಮೃತರಾದರು. ಅದೇ ಕಾಲಕ್ಕೆ ಆ ಕಾರ್ಖಾನೆಯ ಅಲಗುಗಳು ಮೂರಕ್ಷರಗಳನ್ನು ಹೊತ್ತು ಸೈನ್ಯಕ್ಕೆ ಹೋಗುತ್ತಿದ್ದವು. ಕಿರೀಟದ ಮುದ್ರೆಯು ಯಾರ ಆಯುಧವೆಂದು ಸಾರಿ ಹೇಳಿತು. ಈ ಅಕ್ಷರಗಳು ಯಾರ ಕೈಯಿಂದ ಕಸಿದುದೆಂಬುದನ್ನು ಹೇಳಲಿಲ್ಲ. ಆದುದರಿಂದ ಮುದ್ರೆಯನ್ನು ಓದುವವನು ಅದರ ಕೋಷ್ಟಕವನ್ನು ಬಲ್ಲರೆ ಸಾಲದು. ಅದು ಹುಟ್ಟಿದ ಕಾಲವನ್ನೂ ಬಲ್ಲವನಾಗಿರಬೇಕು.